ಹದಿನಾರರ ಮಗಳು ಆನ್‌ಲೈನ್‌ನಲ್ಲಿ ಸ್ವಂತ ಕೆಲಸ ಶುರು ಮಾಡುತ್ತೇನೆ ಅಂತಾಳೆ, ಬಿಡಬೇಕಾ ಬೇಡವಾ?

ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಮಗಳು ಪಿಯುಸಿ ಮೊದಲ ವರ್ಷ, ಕಾಮರ್ಸ್. ಲಗ್ನಪತ್ರಿಕೆ, ಹುಟ್ಟುಹಬ್ಬ, ಗೃಹಪ್ರವೇಶದ ಕಾರ್ಡು, ವಿಡಿಯೊ ಎಲ್ಲ ಚೆನ್ನಾಗಿ ಮಾಡುತ್ತಾಳೆ. ಇಷ್ಟು ದಿನ ಬಂಧು ಬಳಗಕ್ಕೆ ಸುಮ್ನೆ ಮಾಡಿಕೊಡುತ್ತಿದ್ದಳು. ಈಗ ಇನ್‌ಸ್ಟಾಗ್ರಾಂನಲ್ಲಿ ಪೇಜ್ ಮಾಡಿ, ರೇಟ್ ಹಾಕಿ, ರೊಕ್ಕ ತಗೊಂಡೇ ಮಾಡುತ್ತೇನೆ ಅಂತಾಳೆ. ಸೂಪರ್ ಮಾರ್ಕೆಟ್ ಕಡೆಯ ಬಟ್ಟೆ ಅಂಗಡಿಯವರೊಬ್ಬರು ತಮ್ಮ ಅಂಗಡಿಯ ಪೇಜ್ ನೋಡಿಕೊಳ್ಳಲು ತಿಂಗಳಿಗೆ ಇಷ್ಟು ಅಂತ ಕೊಡುವುದಾಗಿ ಕೇಳಿದ್ದಾರೆ.

ಅವರ ಅಪ್ಪ ಬೇಡವೇ ಬೇಡ ಅಂತಾರೆ. "ಓದೋ ವಯಸ್ಸಿನಾಗ ರೊಕ್ಕದ ರುಚಿ ಹತ್ತಿತು ಅಂದ್ರ ಪುಸ್ತಕ ಹಿಡಿಯಂಗಿಲ್ಲ" ಅನ್ನುವುದು ಅವರ ಮಾತು. ನನಗೆ ಮಗಳ ಹುರುಪು ಮುರಿಯಲು ಮನಸ್ಸಿಲ್ಲ. ಆದರೆ ಹೆಣ್ಣು ಹುಡುಗಿ, ಗುರುತಿಲ್ಲದ ಮಂದಿ ಜತೆ ಮಾತು, ಮೇಲೆ ರೊಕ್ಕದ ವ್ಯವಹಾರ. ಕಾನೂನು ಇದಕ್ಕೆ ಏನು ಅನ್ನುತ್ತದೆ? ತಿಳಿದವರು ಹೇಳಿ.

ಪಿಯು ಮೇಷ್ಟ್ರು, ಯಾದಗಿರಿ

ಅಕ್ಕಾರೇ, ಯಜಮಾನರ ಮಾತನ್ನು ಹಳೇ ಕಾಲದ್ದು ಅಂತ ಪಕ್ಕಕ್ಕೆ ಇಡಬೇಡಿ. 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೇ ಕೊನೆ, ಶೇಕಡಾ 42.43. ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇಕಡಾ 91 ದಾಟಿತ್ತು. ಅದೇ ವರ್ಷ ದ್ವಿತೀಯ ಪಿಯುಸಿಯಲ್ಲಿ ಕೊನೆಯ ಸ್ಥಾನ ನಮ್ಮ ಯಾದಗಿರಿಗೆ. ನಮ್ಮ ಮಕ್ಕಳು ಬುದ್ಧಿಯಲ್ಲಿ ಕಡಿಮೆ ಅಲ್ಲ, ಓದಲು ಸಿಗುವ ಹೊತ್ತು ಕಡಿಮೆ. ಇರುವ ಆ ಹೊತ್ತನ್ನೂ ಗಿರಾಕಿಗೆ ಕೊಟ್ಟರೆ ಉಳಿಯುವುದೇನು?

ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ಇಲ್ಲಿನ ಮಕ್ಕಳಿಗೆಂದೇ ಸೀಟು ಇವೆ, ಸರ್ಕಾರಿ ನೌಕರಿಯಲ್ಲೂ ಪಾಲು ಇದೆ. ಎಷ್ಟೋ ವರ್ಷ ಹೋರಾಡಿ ಪಡೆದದ್ದು ಅದು. ಅಂಕ ಇಲ್ಲದಿದ್ದರೆ ಅದೂ ಕೈಗೆ ಬರುವುದಿಲ್ಲ.

ಕ್ಲಾಸಿನಲ್ಲಿ ಕಣ್ಣಾರೆ ನೋಡುತ್ತಿದ್ದೇನೆ. ಹುಡುಗ ಹಿಂದಿನ ಬೆಂಚಿನಲ್ಲಿ ಕೂತು ತೂಕಡಿಸುತ್ತಾನೆ. ಕೇಳಿದರೆ "ರಾತ್ರಿ ಒಂದು ಎಡಿಟಿಂಗ್ ಇತ್ತು ಸರ್" ಅಂತಾನೆ. ಗಿರಾಕಿಗೆ ಪರೀಕ್ಷೆ ಗೊತ್ತಿಲ್ಲ. ರಾತ್ರಿ 11ಕ್ಕೆ ಮೆಸೇಜ್ ಹಾಕಿ ಬೆಳಗ್ಗೆ ಬೇಕು ಅಂತಾನೆ. ಪಿಯುಸಿ ಮುಗಿಯಲಿ, ಆಮೇಲೆ ಏನು ಬೇಕಾದರೂ ಮಾಡಲಿ.

ಪ್ರೆಸ್‌ನವರು, ಕಲಬುರಗಿ

ಮೇಷ್ಟ್ರೇ, ನಿಮ್ಮ ಕಳಕಳಿ ಖರೇ ಇದೆ. ಆದರೆ ಎಲ್ಲ ಕೆಲಸವನ್ನೂ ಒಂದೇ ಗಂಟು ಕಟ್ಟುತ್ತಿದ್ದೀರಿ. ಅಕ್ಕಾರು ಎರಡು ಬೇರೆ ಬೇರೆ ಕೆಲಸ ಹೇಳಿದ್ದಾರೆ ನೋಡಿ. ಲಗ್ನಪತ್ರಿಕೆ ಒಂದು, ಅಂಗಡಿಯ ಪೇಜ್ ಇನ್ನೊಂದು.

ಪತ್ರಿಕೆ ಕೆಲಸ ಬಂತು, ಮಾಡಿ ಕೊಟ್ಟಳು, ರೊಕ್ಕ ಬಂತು, ಮುಗಿಯಿತು. ಬೇಡವಾದಾಗ "ಈಗ ಆಗಲ್ಲ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಮತ್ತೆ ನಮ್ಮ ಕಡೆ ಮದುವೆ ಸೀಸನ್ ಯಾವಾಗ? ಏಪ್ರಿಲ್, ಮೇ. ಬಸವ ಜಯಂತಿ, ಅಕ್ಷಯ ತೃತೀಯದ ಹೊತ್ತಿಗೆ ಪ್ರೆಸ್‌ನಲ್ಲಿ ನಮಗೆ ಊಟ ಮಾಡಲೂ ಬಿಡುವಿರಲ್ಲ. ಪಿಯು ಪರೀಕ್ಷೆ ಮಾರ್ಚ್‌ಗೆಲ್ಲ ಮುಗಿದಿರುತ್ತದೆ. ಹೊರಗೆ ಕೆಂಡದಂಥ ಬಿಸಿಲು, ಮಕ್ಕಳು ಹೇಗೂ ಮನೆಯಲ್ಲೇ ಇರುತ್ತಾರೆ. ಈ ಕೆಲಸಕ್ಕೂ ರಜೆಗೂ ಇಷ್ಟು ಚೆನ್ನಾಗಿ ಹೊಂದಿಕೆ ಆಗುವುದು ಬೇರೆ ಯಾವುದರಲ್ಲೂ ನಾನು ನೋಡಿಲ್ಲ.

ಅಂಗಡಿಯ ಪೇಜ್ ಹಾಗಲ್ಲ. ದಿನಾ ಫೋಟೊ ಹಾಕಬೇಕು, ದಿನಾ ಗಿರಾಕಿಗಳ ಪ್ರಶ್ನೆಗೆ ಉತ್ತರ ಕೊಡಬೇಕು. ದಸರಾ, ದೀಪಾವಳಿ, ರಂಜಾನ್ ಬಂದರೆ ಮಾಲೀಕರು ಬೆನ್ನು ಬಿಡಲ್ಲ. ಅವರದೂ ತಪ್ಪಲ್ಲ, ಅವರಿಗೆ ಅದು ಹೊಟ್ಟೆಪಾಡು. ತಿಂಗಳ ಲೆಕ್ಕದ ಕೆಲಸ ಈಗ ಬೇಡವೇ ಬೇಡ.

ಸೇಡಂ ರಸ್ತೆ, ಕಲಬುರಗಿ

ಅಣ್ಣಾರೇ, ಹೀಗೆ ಬೇರೆ ಮಾಡಿ ನೋಡಬಹುದು ಅಂತ ನಮಗೆ ಹೊಳೆದೇ ಇರಲಿಲ್ಲ. ಪತ್ರಿಕೆ ಕೆಲಸದಲ್ಲಿ ಹುಡುಗರು ಎಲ್ಲಿ ಎಡವುತ್ತಾರೆ, ಸ್ವಲ್ಪ ಬಿಡಿಸಿ ಹೇಳಿ.

ಪ್ರೆಸ್‌ನವರು, ಕಲಬುರಗಿ

ಡಿಸೈನ್‌ನಲ್ಲಿ ಎಡವುವುದು ಕಡಿಮೆ, ಈಗಿನ ಮಕ್ಕಳು ನಮಗಿಂತ ಜಾಣರು. ಎಡವುವುದು ಹೆಸರುಗಳಲ್ಲಿ. ಪತ್ರಿಕೆಯ ಕೆಳಗೆ "ಸುಖಾಗಮನ ಬಯಸುವವರು" ಅಂತ ಬರುತ್ತದಲ್ವಾ, ಅಲ್ಲಿ ದೊಡ್ಡ ಕಾಕಾನ ಹೆಸರು ಸಣ್ಣ ಕಾಕಾನ ಕೆಳಗೆ ಬಿತ್ತು ಅಂದರೆ ಮದುವೆ ಮನೆಯಲ್ಲಿ ಜಗಳ. ಸೋದರಮಾವನ ಹೆಸರು ಬಿಟ್ಟುಹೋದರೆ ಮುಗಿದೇ ಹೋಯಿತು, ಅವರು ಅಕ್ಕಿಕಾಳು ಹಾಕಲೂ ಬರಲ್ಲ. ಆ ಸಿಟ್ಟೆಲ್ಲ ಕಾರ್ಡ್ ಮಾಡಿದವರ ಮೇಲೆ. ಅದಕ್ಕೆ ಹೆಸರುಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬಾರದು. ಮನೆಯ ಹಿರಿಯರೊಬ್ಬರು ಕೈಯಲ್ಲಿ ಬರೆದ ಪಟ್ಟಿಯ ಫೋಟೊ ಕಳಿಸಲಿ. ಪ್ರೂಫ್, ಅಂದರೆ ತಪ್ಪು ನೋಡಲು ಕೊಡುವ ಪ್ರತಿ, ಕಳಿಸಿದ ಮೇಲೆ ಅದೇ ಹಿರಿಯರಿಂದ "ಎಲ್ಲ ಸರಿ ಇದೆ" ಅಂತ ವಾಟ್ಸ್ಆ್ಯಪ್‌ನಲ್ಲಿ ಬರಬೇಕು. ಎರಡು ಸಲ ತಿದ್ದುಪಡಿ ಸುಮ್ನೆ, ಮೂರನೆಯದಕ್ಕೆ ರೊಕ್ಕ. ಮೊದಲೇ ಹೇಳಿದರೆ ಮಂದಿ ಒಪ್ಪುತ್ತಾರೆ, ಕೊನೆಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ.

ಇನ್ನೊಂದು, ಅಕ್ಷರ. ನಮ್ಮ ಕಡೆ ಇನ್ನೂ ಎಷ್ಟೋ ಮಂದಿ ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲ್ ಕಳಿಸುತ್ತಾರೆ. ಅದನ್ನು ಮೊಬೈಲ್ ಆ್ಯಪ್‌ಗೆ ಹಾಕಿದರೆ ಏನೇನೋ ಚಿಹ್ನೆ ಬರುತ್ತದೆ. ಮೊಬೈಲ್‌ನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಿಸಿದ ಮೇಲೂ ಅರ್ಕಾವತ್ತು, ಒತ್ತಕ್ಷರ ಒಂದೊಂದನ್ನೂ ಕಣ್ಣಿಟ್ಟು ನೋಡಬೇಕು. ಫೋಟೊಶಾಪ್ ಆದರೆ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಸರಿ ಇರಬೇಕು, ಇಲ್ಲದಿದ್ದರೆ ಒತ್ತು ಬೇರೆ, ಅಕ್ಷರ ಬೇರೆ ಆಗಿ ನಿಲ್ಲುತ್ತವೆ. ಕಾಗುಣಿತ ಗಟ್ಟಿ ಇರುವ ಹುಡುಗಿ ಆದರೆ ಇದೇ ಅವಳ ಬಂಡವಾಳ. ಬೆಂಗಳೂರು, ಹೈದರಾಬಾದ್‌ನಲ್ಲಿ ಕೂತು ಟೆಂಪ್ಲೇಟ್ ಮಾರುವವರಿಗೆ ನಮ್ಮ ಹೆಸರು, ನಮ್ಮ ಅಡ್ಡಹೆಸರು ಬರೆಯಲು ಬರಲ್ಲ.

ಬಯಾನಾ ಅರ್ಧ ಮೊದಲೇ ತಗೋಬೇಕು. ಪೂರ್ತಿ ರೊಕ್ಕ ಬರುವವರೆಗೆ ಹೋಗುವ ಪ್ರೂಫ್ ಮೇಲೆ ಅಡ್ಡಲಾಗಿ ಅವಳ ಪೇಜ್ ಹೆಸರು ಇರಬೇಕು. ಕೆಲಸ ಮುಗಿದ ಮೇಲೆ ಉದ್ರಿ ಉಳಿಸುವವರು ದೂರದವರಲ್ಲ, ನಮ್ಮವರೇ. "ಮನೆ ಹುಡುಗಿ ಅಲ್ವಾ, ಆಮೇಲೆ ಕೊಟ್ಟರಾಯ್ತು" ಅಂತಾರೆ. ಹದಿನಾರರ ಹುಡುಗಿ ಮಾವನ ಹತ್ತಿರ ಹೋಗಿ ರೊಕ್ಕ ಕೇಳಲಾರಳು. ಅದನ್ನು ನೀವು ಕೇಳಬೇಕು ಅಕ್ಕಾರೇ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ವಧುವಿಗೆ 18, ವರನಿಗೆ 21 ತುಂಬಿದೆಯಾ ಅಂತ ದಾಖಲೆ ನೋಡದೆ ಪತ್ರಿಕೆ ಮಾಡಬಾರದು. ನಮ್ಮ ಪ್ರೆಸ್‌ನಲ್ಲಿ ಆಧಾರ್ ಇಲ್ಲವೇ ಶಾಲೆಯ ಟಿಸಿ ನೋಡಿಯೇ ಮುದ್ರಿಸುತ್ತೇವೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಲ್ಲಿ ಮದುವೆ ಮಾಡಿಸಿದವರಿಗೂ ನೆರವಾದವರಿಗೂ ಶಿಕ್ಷೆ ಇದೆ. ಪ್ರೆಸ್‌ನಲ್ಲಿ ಕಾರ್ಡ್ ಮಾಡಿಕೊಡಲ್ಲ ಅಂದಾಗ ಮಂದಿ ಮೊಬೈಲ್‌ನಲ್ಲಿ ಕಾರ್ಡ್ ಮಾಡುವ ಹುಡುಗರ ಹತ್ತಿರ ಹೋಗುತ್ತಾರೆ. ಇದು ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಮೂರೂ ಜಿಲ್ಲೆಯಲ್ಲಿ ನಡೆಯುತ್ತದೆ. ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ತನ್ನ ವಯಸ್ಸಿನ ಇನ್ನೊಂದು ಹುಡುಗಿಯ ಮದುವೆ ಪತ್ರಿಕೆಯನ್ನು ನಿಮ್ಮ ಮಗಳು ಮಾಡಿಕೊಡುವಂತೆ ಆಗಬಾರದು.

ಬಿದ್ರಿ ಮನೆ, ಬೀದರ್

ಅಣ್ಣಾರ ಕೊನೆಯ ಮಾತಿಗೆ ಕೈ ಮುಗಿಯುತ್ತೇನೆ. ಇದನ್ನು ಯಾರೂ ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಬಿದ್ರಿ ಕೆಲಸ ನಡೆಯುತ್ತದೆ. ಸತು, ತಾಮ್ರ ಎರಕ ಹೊಯ್ದು, ಚಿತ್ತಾರ ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡುವುದು ದೊಡ್ಡವರ ಕೆಲಸ. ಫೋಟೊ ತೆಗೆಯುವುದು, ಅಳತೆ ತೂಕ ಬರೆಯುವುದು, ಕೇಳಿದವರಿಗೆ ಉತ್ತರ ಬರೆದು ಇಡುವುದು ಅಣ್ಣನ ಮಗಳ ಕೆಲಸ. ಅವಳಿಗೆ 15. ಕಪ್ಪು ಹೂಜಿಯ ಮೇಲೆ ಬೆಳ್ಳಿ ಹೊಳೆಯಬೇಕು, ಹೊಳಪಿನಲ್ಲಿ ಕೋಣೆಯ ಟ್ಯೂಬ್‌ಲೈಟ್ ಕಾಣಬಾರದು. ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ, ಬೆಳಗಿನ ಬೆಳಕಿನಲ್ಲಿ ತೆಗೆಯುವುದನ್ನು ಅವಳೇ ಕಂಡುಕೊಂಡಳು. ನಮಗೆ ಯಾರಿಗೂ ಬರದ ಕೆಲಸ ಅದು. ಬೀದರ್ ಆದ್ದರಿಂದ ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಮಾತಾಡುತ್ತಾಳೆ.

ಆದರೆ ಪೇಜ್ ಅವಳ ಹೆಸರಿನಲ್ಲಿ ಇಲ್ಲ, ಅತ್ತಿಗೆಯ ಹೆಸರಿನಲ್ಲಿದೆ. ಇನ್‌ಸ್ಟಾಗ್ರಾಂನಲ್ಲಿ ಈಗ 18 ತುಂಬದವರ ಖಾತೆ ತಾನಾಗಿಯೇ ಖಾಸಗಿ ಆಗುತ್ತದೆ. ಅಂಥ ಖಾತೆಯಿಂದ ವ್ಯಾಪಾರ ನಡೆಯುವುದು ಕಷ್ಟ. ವಯಸ್ಸು ಸುಳ್ಳು ಬರೆದು ತೆರೆಯುವುದಕ್ಕಿಂತ ದೊಡ್ಡವರ ಹೆಸರಿನಲ್ಲಿ ತೆರೆಯುವುದು ಒಳ್ಳೇದು. ನಂಬರ್ ಕೂಡ ಬೇರೆ ಇಡಿ. ಹೊಸ ಸಿಮ್ ಹಾಕಿ ವಾಟ್ಸ್ಆ್ಯಪ್ ಬಿಸಿನೆಸ್ ಇಟ್ಟುಕೊಂಡರೆ ಇಂತಿಷ್ಟು ಹೊತ್ತಿನ ಮೇಲೆ ಬಂದವರಿಗೆ ತಾನಾಗಿಯೇ ಉತ್ತರ ಹೋಗುತ್ತದೆ. ಮೇಷ್ಟ್ರು ಹೇಳಿದ ರಾತ್ರಿ 11ರ ಗಿರಾಕಿಗೆ ಅದೇ ಮದ್ದು. ಆ ಫೋನು ರಾತ್ರಿ ಅಮ್ಮನ ಹತ್ತಿರ ಇರಲಿ. ಹುಡುಗಿಯ ಫೋಟೊ, ಹೆಸರು, ಕಾಲೇಜು ಪೇಜ್‌ನಲ್ಲಿ ಎಲ್ಲೂ ಬೇಡ. ಧ್ವನಿ ಸಂದೇಶಕ್ಕೂ ಬರೆದೇ ಉತ್ತರ ಕೊಡಲಿ.

ಲೆಕ್ಕದವರು, ಕಲಬುರಗಿ

ಕಾನೂನು ಕೇಳಿದ್ದೀರಿ. ನನ್ನ ಕೆಲಸ ಲೆಕ್ಕಪತ್ರದ್ದು, ಅಷ್ಟಕ್ಕೆ ಹೇಳುತ್ತೇನೆ.

1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಅವರು ಮಾಡಿಕೊಂಡ ಕರಾರು ಮೊದಲಿನಿಂದಲೇ ಅಸಿಂಧು ಅಂತ 1903ರಲ್ಲಿ, ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಮೋಹರಿ ಬೀಬಿ ಪ್ರಕರಣದಲ್ಲಿ ಹೇಳಿತು, ಇಂದಿಗೂ ಅದೇ ನಡೆಯುತ್ತದೆ. ಹಾಗಂತ ಕೆಲಸ ಮಾಡಿ ದುಡಿಯುವುದು ಅಪರಾಧ ಅಲ್ಲ. 14 ತುಂಬಿದ ಮಕ್ಕಳಿಗೆ ಅಪಾಯದ ಕೆಲಸ ನಿಷಿದ್ಧ, ಇಂಥ ಕೆಲಸಕ್ಕೆ ಅಡ್ಡಿ ಇಲ್ಲ. 14ರ ಒಳಗಿನವರು ಶಾಲೆ ಬಿಟ್ಟ ಮೇಲೆ ಇಲ್ಲವೇ ರಜೆಯಲ್ಲಿ ಮನೆತನದ ಉದ್ಯೋಗಕ್ಕೆ ನೆರವಾಗಬಹುದು, ಅಷ್ಟೇ. ಒಟ್ಟಿನಲ್ಲಿ ಗಿರಾಕಿಯ ಜತೆ ಒಪ್ಪಂದ, ಬಿಲ್ಲು, ಸಹಿ ಎಲ್ಲ ತಾಯಿಯದೋ ತಂದೆಯದೋ ಇರಲಿ.

ತೆರಿಗೆ ಬಗ್ಗೆ ಭಯ ಬೇಡ. ಮಕ್ಕಳ ಆದಾಯವನ್ನು ಸಾಮಾನ್ಯವಾಗಿ ತಂದೆ ತಾಯಿಯ ಆದಾಯಕ್ಕೆ ಸೇರಿಸುತ್ತಾರೆ. ಆದರೆ ಸ್ವಂತ ದುಡಿಮೆ, ಕೌಶಲ, ಪ್ರತಿಭೆಯಿಂದ ಗಳಿಸಿದ್ದನ್ನು ಸೇರಿಸುವುದಿಲ್ಲ, ಅದು ಮಗುವಿನದೇ ಆದಾಯ. ಡಿಸೈನ್ ಕೆಲಸ ಇದರಲ್ಲೇ ಬರುತ್ತದೆ. ಅಪ್ರಾಪ್ತರಿಗೂ ಪ್ಯಾನ್ ಸಿಗುತ್ತದೆ, ಪೋಷಕರು ಅರ್ಜಿ ಹಾಕಬೇಕು. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲಿನ ಮಾತು. ಆದರೂ ಒಂದು ವಹಿ ಇಡಿ. ಯಾರಿಂದ ಎಷ್ಟು ಬಂತು, ಇಂಟರ್ನೆಟ್‌ಗೆ ಎಷ್ಟು ಹೋಯಿತು. ಕಾಮರ್ಸ್ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಮೇಷ್ಟ್ರು ಕಲಿಸುವ ಜರ್ನಲ್, ಲೆಡ್ಜರ್ ತನ್ನದೇ ರೊಕ್ಕದಲ್ಲಿ ಬರೆದರೆ ಮರೆಯುವುದೇ ಇಲ್ಲ.

ಕೌಂಟರ್‌ನಿಂದ, ಬೀದರ್

ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. 10 ವರ್ಷ ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಬಹುದು, 2025ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ಮತ್ತೊಮ್ಮೆ ಸ್ಪಷ್ಟ ಮಾಡಿದೆ. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡು, ಆನ್‌ಲೈನ್ ಸೌಲಭ್ಯ ಕೊಡಬೇಕಾ ಅನ್ನುವುದನ್ನು ಆಯಾ ಬ್ಯಾಂಕ್ ನಿರ್ಧರಿಸುತ್ತದೆ. ನಿಮ್ಮ ಶಾಖೆಯಲ್ಲಿ ಕೇಳಿ.

ನನಗೆ ಭಯ ಇರುವುದು ಬೇರೆ. "ನಿನ್ನ ಖಾತೆಗೆ ರೊಕ್ಕ ಬರುತ್ತದೆ, ಇಷ್ಟು ಇಟ್ಟುಕೊಂಡು ಉಳಿದದ್ದು ಇವರಿಗೆ ಕಳಿಸು" ಅಂತ ಟೆಲಿಗ್ರಾಂನಲ್ಲಿ ಹುಡುಗರನ್ನು ಹಿಡಿಯುತ್ತಾರೆ. ಅದನ್ನು ಆನ್‌ಲೈನ್ ಕೆಲಸ ಅಂತಲೇ ಕರೆಯುತ್ತಾರೆ. ಅದು ಯಾರದೋ ಮನೆ ಮುರಿದ ರೊಕ್ಕ. ಪೊಲೀಸರು ಮೊದಲು ಬಂದು ನಿಲ್ಲುವುದು ಖಾತೆ ಯಾರದೋ ಅವರ ಬಾಗಿಲಲ್ಲಿ. ಕಾಲೇಜಿನ ಮಕ್ಕಳ ಖಾತೆ ಫ್ರೀಜ್ ಆಗಿ, ತಂದೆ ಹೊಲದ ಕೆಲಸ ಬಿಟ್ಟು ಕೌಂಟರ್ ಮುಂದೆ ನಿಂತು ಅಳುವುದನ್ನು ನೋಡಿದ್ದೇನೆ. ಪಾಸ್‌ಬುಕ್, ಎಟಿಎಂ, ಸಿಮ್ ಯಾರಿಗೂ ಬಾಡಿಗೆಗೆ ಕೊಡುವ ವಸ್ತು ಅಲ್ಲ. ಇದನ್ನು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಹೇಳಿ.

ರೊಕ್ಕ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿತು ಅಂದರೆ ರೊಕ್ಕ ಹೋಗುತ್ತಿದೆ ಅಂತ ಅರ್ಥ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ, ಖಾತೆ ತೆರೆದು ನೋಡಿ. ಮೋಸ ಆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ರೊಕ್ಕ ತಡೆಹಿಡಿಯುವುದು ಕಷ್ಟ.

ಮತ್ತೆ, ಸ್ಕಾಲರ್‌ಶಿಪ್ ಅರ್ಜಿ, ಜಾತಿ ಪ್ರಮಾಣಪತ್ರ ಅಂತ ಬೇರೆಯವರ ಫಾರ್ಮ್ ತುಂಬುವ ಸೇವೆಗೆ ಮಕ್ಕಳನ್ನು ಬಿಡಬೇಡಿ. ಊರಿನವರ ಆಧಾರ್, ಒಟಿಪಿ ಎಲ್ಲ ಒಂದು ಹುಡುಗಿಯ ಮೊಬೈಲ್‌ನಲ್ಲಿ ಇರುವುದು ಬೇಡ.

ಸುರಪುರದ ಹುಡುಗ

ನಮಸ್ಕಾರ ಎಲ್ಲರಿಗೂ. ನನಗೆ 17, ದ್ವಿತೀಯ ಪಿಯುಸಿ. ಇಷ್ಟು ಹೊತ್ತು ದೊಡ್ಡವರೇ ಮಾತಾಡಿದ್ದೀರಿ, ನಾನೂ ಸ್ವಲ್ಪ ಹೇಳಲಾ?

ನಾನು ಕನ್ನಡ ಟೈಪಿಂಗ್ ಮಾಡುತ್ತೇನೆ. ಕೈಬರಹದ ನೋಟ್ಸ್ ಟೈಪ್ ಮಾಡುವುದು, ವಿಡಿಯೊಗಳಿಗೆ ಕನ್ನಡ ಸಬ್‌ಟೈಟಲ್ ಹಾಕುವುದು. ಅಪ್ಪ ತೊಗರಿ, ಹತ್ತಿ ಬೆಳೆಯುತ್ತಾರೆ. ಮಳೆ ಕೈಕೊಟ್ಟ ವರ್ಷ ಪರೀಕ್ಷೆ ಫೀ ಕಟ್ಟಲು ಅವರು ಅಡತಿಯವರ ಮುಂದೆ ನಿಲ್ಲುವುದನ್ನು ನೋಡುವುದು ನನ್ನಿಂದ ಆಗುವುದಿಲ್ಲ. ನನ್ನ ಫೀ ನಾನೇ ಕಟ್ಟಿದೆ ಅಂದಾಗ ಅಪ್ಪ ಏನೂ ಅನ್ನಲಿಲ್ಲ, ರಸೀದಿ ಇಸಿದುಕೊಂಡು ಜೇಬಿನಲ್ಲಿ ಇಟ್ಟುಕೊಂಡರು. ಮೇಷ್ಟ್ರೇ, ರೊಕ್ಕದ ರುಚಿಗೆ ಎಲ್ಲರೂ ದುಡಿಯುವುದಿಲ್ಲ ಸರ್. ಕೆಲವರಿಗೆ ಓದು ನಿಲ್ಲಬಾರದು ಅಂತಲೇ ದುಡಿಯಬೇಕಾಗುತ್ತದೆ.

ಒಂದು ಪ್ರಶ್ನೆ ಇದೆ. ಹೊರದೇಶದ ಗಿರಾಕಿಗಳು ಸಿಗುವ ಅಪ್‌ವರ್ಕ್‌ನಂಥ ಕಡೆ ಸೇರಲು ಗೆಳೆಯರು ಹೇಳುತ್ತಾರೆ. ಹುಟ್ಟಿದ ವರ್ಷ ಬದಲಿಸಿ ಹಾಕು, ಯಾರೂ ನೋಡಲ್ಲ ಅಂತಾರೆ. ಮಾಡಬಹುದಾ?

ಲೆಕ್ಕದವರು, ಕಲಬುರಗಿ

ತಮ್ಮಾ, ಬೇಡ. ಅಪ್‌ವರ್ಕ್‌ಗೆ 18 ತುಂಬಿರಬೇಕು. ಯೂಟ್ಯೂಬ್‌ನಿಂದ ರೊಕ್ಕ ಪಡೆಯುವ ಆ್ಯಡ್‌ಸೆನ್ಸ್‌ಗೂ ಅಷ್ಟೇ, ಅಲ್ಲಿಯವರೆಗೆ ಪೋಷಕರ ಖಾತೆಯ ಮೂಲಕ ಪಡೆಯಬೇಕು. ಸುಳ್ಳು ವಯಸ್ಸು ಹಾಕಿ ಸೇರಿದರೆ ಗುರುತಿನ ಚೀಟಿ ಕೇಳಿದ ದಿನ ಖಾತೆ ಮುಚ್ಚುತ್ತಾರೆ, ದುಡಿದ ರೊಕ್ಕ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ನಿನಗೆ 18 ಆಗಲು ಎಷ್ಟು ದಿನ ಉಳಿದಿದೆ ಹೇಳು? ಅಲ್ಲಿಯವರೆಗೆ ಮಾಡಿದ ಕೆಲಸದ ಮಾದರಿಗಳನ್ನು ಚೆನ್ನಾಗಿ ಜೋಡಿಸಿ ಇಟ್ಟುಕೋ. ಸೇರಿದ ದಿನ ಅದನ್ನೇ ತೋರಿಸುವಿಯಂತೆ.

ಪಿಯು ಮೇಷ್ಟ್ರು, ಯಾದಗಿರಿ

ಸುರಪುರದ ತಮ್ಮಾ, ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿನ್ನಂಥವರಿಗೆ ದುಡಿಯಬೇಡ ಅನ್ನುವ ಹಕ್ಕು ನನಗಿಲ್ಲ. ಆದರೆ ದುಡಿಯುವುದರ ಜತೆ ಸರ್ಕಾರದ ಸ್ಕಾಲರ್‌ಶಿಪ್‌ಗೂ ಹಾಕಿದ್ದೀಯಾ? ರಾಜ್ಯದ ಸ್ಕಾಲರ್‌ಶಿಪ್‌ನ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕದೆಯೇ ಉಳಿದವರು ನಮ್ಮ ಕಾಲೇಜಿನಲ್ಲೇ ಜಾಸ್ತಿ ಇದ್ದಾರೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂತ ಎಷ್ಟೋ ಮಕ್ಕಳ ರೊಕ್ಕ ನಿಂತಿರುತ್ತದೆ. ನಿನ್ನ ಕಾಲೇಜಿನ ಆಫೀಸಿನಲ್ಲಿ ನಾಳೆಯೇ ಕೇಳು. ಬರಬೇಕಾದ ರೊಕ್ಕ ಬಂದರೆ ಅಷ್ಟು ರಾತ್ರಿ ನಿದ್ದೆಗೆ ಸಿಗುತ್ತದೆ.

ಪ್ರೆಸ್‌ನವರ ಮಾತು ಒಪ್ಪುತ್ತೇನೆ. ರಜೆಯಲ್ಲಿ, ಒಂದೊಂದೇ ಪತ್ರಿಕೆ, ತಾಯಿಯ ಹೆಸರಿನಲ್ಲಿ ಆದರೆ ನನ್ನ ತಕರಾರಿಲ್ಲ. ಆದರೆ ದ್ವಿತೀಯ ಪಿಯುಸಿಯ ಜೂನ್‌ನಿಂದ ಮಾರ್ಚ್‌ವರೆಗೆ ಪೇಜ್ ಮುಚ್ಚಿರಬೇಕು. "ವಾರಕ್ಕೊಂದೇ" ಅಂತ ಶುರುವಾಗುವುದು ವಾರಕ್ಕೊಂದರಲ್ಲಿ ನಿಲ್ಲುವುದಿಲ್ಲ, ಇದರಲ್ಲಿ ಮಾತ್ರ ನಾನು ಬಗ್ಗುವುದಿಲ್ಲ.

ಬಿದ್ರಿ ಮನೆ, ಬೀದರ್

ಪೂರ್ತಿ ಮುಚ್ಚುವುದು ಜಾಸ್ತಿ ಆಯ್ತು ಅನಿಸುತ್ತದೆ ಮೇಷ್ಟ್ರೇ. ನಮ್ಮ ಹುಡುಗಿ ಎಸ್‌ಎಸ್‌ಎಲ್‌ಸಿ. ಭಾನುವಾರ ಬೆಳಗ್ಗೆ ಮಾತ್ರ ಫೋಟೊ ಕೆಲಸ, ಉಳಿದ ದಿನ ಪುಸ್ತಕ. ಕಿರುಪರೀಕ್ಷೆಯಲ್ಲಿ ಅಂಕ ಇಳಿದರೆ ಅದೂ ಇಲ್ಲ ಅಂತ ಅವಳೇ ಒಪ್ಪಿಕೊಂಡಿದ್ದಾಳೆ. ಮಕ್ಕಳ ಬಾಯಿಂದಲೇ ಬಂದ ಕರಾರು ಗಟ್ಟಿ ನಿಲ್ಲುತ್ತದೆ.

ಪಿಯು ಮೇಷ್ಟ್ರು, ಯಾದಗಿರಿ

ಅದು ನಿಮ್ಮ ಮನೆಯ ಕೆಲಸ, ತಡವಾದರೆ ಅಣ್ಣ ಕಾಯುತ್ತಾರೆ. ಹೊರಗಿನ ಗಿರಾಕಿ ಕಾಯುವುದಿಲ್ಲ. ನನ್ನ ಮಾತು ಅಲ್ಲೇ ಇದೆ.

ಸೇಡಂ ರಸ್ತೆ, ಕಲಬುರಗಿ

ಎಲ್ಲರಿಗೂ ಮನಸಾರೆ ಧನ್ಯವಾದ. ಇದನ್ನೆಲ್ಲ ಮಗಳಿಗೂ ಅವರಪ್ಪನಿಗೂ ಓದಿ ಹೇಳಿದೆ. ಬಟ್ಟೆ ಅಂಗಡಿಯವರಿಗೆ ಈಗ ಆಗಲ್ಲ ಅಂತ ನಾನೇ ಹೋಗಿ ಹೇಳಿ ಬಂದೆ. ಮಗಳಿಗೆ ಸ್ವಲ್ಪ ಬೇಜಾರಾಗಿದೆ, ತಿಂಗಳ ರೊಕ್ಕ ಕೈ ತಪ್ಪಿತಲ್ಲ ಅಂತ. ಪತ್ರಿಕೆ ಕೆಲಸಕ್ಕೆ ಅವರಪ್ಪ ಒಪ್ಪಿದ್ದಾರೆ. ಪೇಜ್ ನನ್ನ ಹೆಸರಿನಲ್ಲಿ, ಸಿಮ್ ನನ್ನ ಹತ್ತಿರ, ಖಾತೆ ಅವಳದು. ಪರೀಕ್ಷೆ ಮುಗಿದ ಮೇಲೆಯೇ ಶುರು. ದ್ವಿತೀಯ ಪಿಯುಸಿ ವರ್ಷ ಮುಚ್ಚಬೇಕಾ, ಭಾನುವಾರ ಮಾತ್ರ ಇರಲಾ ಅನ್ನುವುದು ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

ವಯಸ್ಸಿನ ದಾಖಲೆ ಕೇಳುವ ವಿಷಯ ಮಗಳಿಗೆ ತುಂಬಾ ನಾಟಿದೆ. ಪೇಜ್‌ನ ಮೊದಲ ಸಾಲಿನಲ್ಲೇ ಹಾಕುತ್ತೇನೆ ಅಂತಾಳೆ.

ಪ್ರೆಸ್ ಅಣ್ಣಾರೇ, ನಿಮಗೆ ಒಂದು ಕೇಳುವುದಿದೆ. ಪ್ರೂಫ್ ತಿದ್ದುವುದನ್ನು ನಿಮ್ಮ ಹತ್ತಿರ ಕೂತು ಕಲಿಯಲು ಅವಳನ್ನು ಕರಕೊಂಡು ಬರಲಾ?

ಪ್ರೆಸ್‌ನವರು, ಕಲಬುರಗಿ

ಬರ್ರಿ ಅಕ್ಕಾರೇ, ಅದರಲ್ಲೇನು ಕೇಳುವುದು? ಮಾರ್ಚ್ ಕೊನೆಗೆ ಬರ್ರಿ, ಏಪ್ರಿಲ್ ಹತ್ತಿದರೆ ನನಗೆ ಕಲಿಸಲು ಪುರಸೊತ್ತು ಸಿಗಲ್ಲ. ಮಧ್ಯಾಹ್ನ ಊಟದ ಮೇಲೆ ಸ್ವಲ್ಪ ಬಿಡುವಿರುತ್ತದೆ. ನೀವೂ ಜತೆಗೆ ಕೂತ್ಕೊಳ್ಳಿ. ಹಳೇ ಪತ್ರಿಕೆಗಳ ಒಂದು ಕಟ್ಟು ಕೊಡುತ್ತೇನೆ, ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಲಿ. ಲ್ಯಾಪ್‌ಟಾಪ್ ಬೇಕಿಲ್ಲ, ಪೆನ್ನು ಸಾಕು. ಸುರಪುರದ ತಮ್ಮಾ, ನೀನೂ ಕಲಬುರಗಿ ಕಡೆ ಬಂದಾಗ ಬಾ. ಟೈಪಿಂಗ್ ಕೆಲಸ ನಮ್ಮಲ್ಲೂ ಇರುತ್ತದೆ. ನಿಮ್ಮ ಅಪ್ಪನ ಜತೆ ಮಾತಾಡಿ ರೇಟು ಗೊತ್ತು ಮಾಡೋಣ.